ನಾನೇ ಹೊಗಳಿ ಮಾರಿದ ಸೀರೆ

ಒಂದೇ ಕಾಲಿನ ಚಪ್ಪಲಿಯನ್ನು ದಾನ ಮಾಡುವವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಯಾರೋ ಇಟ್ಟುಹೋಗಿದ್ದ ಚೀಲ ಬಿಚ್ಚಿದಾಗ ಮೊದಲು ಕೈಗೆ ಬಂದದ್ದೇ ಅದು. ಎಡಗಾಲಿನದು, ಉಂಗುಟ ಹರಿದದ್ದು. ಅದರ ಕೆಳಗೆ ಮುಚ್ಚಳವಿಲ್ಲದ ಕುಕ್ಕರ್. ಕುಕ್ಕರಿನೊಳಗೆ ಮುಳ್ಳು ಕಿತ್ತ ಗಡಿಯಾರ, ಯಾರದೋ ಮದುವೆ ಆಲ್ಬಮ್ಮಿನ ಖಾಲಿ ರಟ್ಟು, ಹಿಂದೆ ತೂತು ಬಿದ್ದ ಎರಡು ಬನಿಯನ್ನುಗಳು. ಬಡವರಿಗೆ ಉಪಯೋಗ ಆಗಲಿ ಎಂದು ಕೊಟ್ಟದ್ದಂತೆ. ಬಡವನಿಗೂ ಎರಡು ಕಾಲಿರುತ್ತವೆ ಎಂಬ ನೆನಪಾದರೂ ಬೇಡವೆ? ಕೊಟ್ಟವರು ಪುಣ್ಯ ಕಟ್ಟಿಕೊಂಡು ಮನೆಗೆ ಹೋಗಿ ಚಹಾ ಕುಡಿಯುತ್ತಿರುತ್ತಾರೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕಸದ ಗಾಡಿಯ ದಾರಿ ಕಾಯುವ ಕರ್ಮ ನನ್ನದು.

ನಮ್ಮ ಅಂಗಡಿ ಎಂದೆನಲ್ಲ, ಅದು ನನ್ನದಲ್ಲ. ಬನಹಟ್ಟಿಯ ಒಂದು ಓಣಿಯಲ್ಲಿ ಮೊದಲು ನೂಲಿನ ಗೋದಾಮಾಗಿದ್ದ ಕೋಣೆ. ಸುಮಿತ್ರಾ ಅಕ್ಕೋರು ಎಂಬ ನಿವೃತ್ತ ಶಿಕ್ಷಕಿ ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅದನ್ನು ನಡೆಸುತ್ತಾರೆ. ಜನ ತಮಗೆ ಬೇಡವಾದ, ಆದರೆ ಇನ್ನೂ ಬಾಳಿಕೆ ಬರುವ ಸಾಮಾನು ತಂದು ಕೊಡಬೇಕು. ನಾವು ಅದನ್ನು ಒರೆಸಿ, ಒಗೆದು, ಕಡಿಮೆ ಬೆಲೆಗೆ ಮಾರಬೇಕು. ಬಂದ ಹಣದಲ್ಲಿ ಸುತ್ತಲಿನ ಹಳ್ಳಿಗಳಿಂದ ಡಯಾಲಿಸಿಸ್ ಮಾಡಿಸಿಕೊಳ್ಳಲು ಜಮಖಂಡಿಗೆ ಹೋಗಿಬರುವ ಬಡವರ ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟ ನಡೆಯಬೇಕು. ಇದು ಅಕ್ಕೋರ ಎಣಿಕೆ. ಎಣಿಕೆ ಚೆನ್ನಾಗಿಯೇ ಇದೆ. ತಾಪತ್ರಯವೆಲ್ಲ ಮನುಷ್ಯರಿಂದ.

ಹೊರಗೆ ಬೋರ್ಡಿನ ಮೇಲೆ ಏನೇ ಬರೆದಿರಲಿ, ಊರವರ ಬಾಯಲ್ಲಿ ಅದು ‘ಧರ್ಮದ ಅಂಗಡಿ’. ಆ ಹೆಸರಿನಿಂದಲೇ ಅರ್ಧ ಜಗಳ.

“ಧರ್ಮದ ಅಂಗಡಿ ಅಂತೀರಿ, ಮತ್ತ ರೊಕ್ಕ ಕೇಳ್ತೀರಲ್ರಿ ಅಜ್ಜಾರ?”

“ನೀ ಕೊಡೂ ರೊಕ್ಕದಾಗ ಧರ್ಮ ಐತವ್ವಾ.”

“ಹಂಗಾರ ಸ್ವಲ್ಪ ಕಡಿಮಿ ಧರ್ಮ ಮಾಡಸ್ರಿ. ನಾವೂ ಬಡವರ ಅದೀವಿ,” ಎನ್ನುತ್ತ ದೊಡ್ಡ ಮೊಬೈಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಸೀರೆಯನ್ನು ಬೆಳಕಿಗೆ ಹಿಡಿಯುತ್ತಾರೆ. ನೇಕಾರರ ಊರಿನಲ್ಲಿ ಹಳೆಯ ಬಟ್ಟೆ ಮಾರುವವನ ಗತಿ ಯಾವ ವೈರಿಗೂ ಬೇಡ. ಹಾಸು ಒರಟು, ಹೊಕ್ಕು ಸಡಿಲ, ಅಂಚಿನ ದಡಿಯಲ್ಲಿ ಎಳೆ ತಪ್ಪಿದೆ ಎಂದು ಒಬ್ಬೊಬ್ಬರೂ ಪರೀಕ್ಷಕರೇ. ಒಂದು ಪ್ಲೇಟು ಗಿರಮಿಟ್ಟಿನ ಬೆಲೆಯ ಸೀರೆಗೆ ಇಷ್ಟು ವಿಚಾರಣೆ! ಅದೇ ಜನ ಹೊಸ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು, ಮೇಲೆ ಕೊಟ್ಟ ತಂಪು ಪಾನೀಯ ಕುಡಿದು, ನಗುನಗುತ್ತ ಬರುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಏಕೆಂದರೆ ಆ ತಂಪು ಪಾನೀಯ ತರಿಸಿ ಕೊಡುತ್ತಿದ್ದವನೂ ನಾನೇ.

ಹತ್ತನೆಯ ಇಯತ್ತೆ ಮುಗಿಸಿದವನು ರಬಕವಿಯ ಒಂದು ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತೆ. ಏಳುವಾಗ ಮೊಣಕಾಲು ನೋವು ಬಂದಿತ್ತು. ನಡುವೆ ಮಾಡಿದ್ದು ಎರಡೇ ಕೆಲಸ, ಸೀರೆ ಬಿಚ್ಚಿ ತೋರಿಸುವುದು ಮತ್ತು ಮಡಚಿ ಇಡುವುದು. ಕೆಲಸ ಬಿಟ್ಟ ಮೇಲೂ ಕೈ ಬಿಡಲಿಲ್ಲ. ಮನೆಯಲ್ಲಿ ಟವೆಲು, ಚಾದರ, ದಿನಪತ್ರಿಕೆ, ಕೊನೆಗೆ ಹಾಲಿನ ಖಾಲಿ ಪಾಕೀಟುಗಳನ್ನೂ ಅಂಚಿಗೆ ಅಂಚು ಕೂಡಿಸಿ ಮಡಚಿ ಇಡತೊಡಗಿದೆ. ಮಗ ಮತ್ತು ಸೊಸೆ ಬೆಳಿಗ್ಗೆ ನೌಕರಿಗೆ ಹೋದರೆ ಸಂಜೆಗೇ ಬರುವುದು, ಅವರಿಗೇನೂ ತೊಂದರೆಯಿಲ್ಲ. ಹೆಂಡತಿ ಗಂಗವ್ವನಿಗೆ ತಡೆಯಲಾಗಲಿಲ್ಲ.

“ಈ ಮನ್ಯಾಗ ಮಡಚದ ಉಳದಾಕಿ ನಾ ಒಬ್ಬಾಕಿ ಅದೇನಿ. ಎಲ್ಲ್ಯಾರ ಹೋಗ್ರಿ. ಅಕ್ಕೋರು ಮಂದಿ ಬೇಕಂತ ಕೇಳಾಕತ್ತಾರ,” ಎಂದಳು.

ಹೀಗೆ ನಾನು ಸಮಾಜಸೇವಕನಾದೆ.

ಹಳೆಯ ಬಟ್ಟೆಗೆ ಒಂದು ಅಂಗಡಿ ಬೇಕು ಎಂಬುದೇ ನನಗೆ ಮೊದಲು ವಿಚಿತ್ರವೆನಿಸಿತ್ತು. ನಾನು ಸಣ್ಣವನಿದ್ದಾಗ ಹಳೆಯ ಬಟ್ಟೆ ಎಂಬುದೇ ಇರಲಿಲ್ಲ. ಅಣ್ಣನ ಅಂಗಿ ನನಗೆ, ನನ್ನದು ತಮ್ಮನಿಗೆ, ತಮ್ಮನದು ಮಗ್ಗ ಒರೆಸಲು. ಹೊಸ ಅಂಗಿ ಹೊಲಿಸುವಾಗಲೇ ಅಪ್ಪ ದರ್ಜಿಗೆ ಒಳಗಡೆ ಮೂರು ಬೆರಳು ಹೆಚ್ಚಿಗೆ ಮಡಚಿ ಹೊಲಿ ಎನ್ನುತ್ತಿದ್ದ. ಪ್ರತಿ ವರ್ಷ ಆ ಮಡಿಕೆ ಬಿಚ್ಚಿದಾಗ ಕೆಳಗೆ ಒಂದು ಪಟ್ಟಿ ಮಾತ್ರ ಹೊಸ ಬಣ್ಣ ಹೊಳೆಯುತ್ತಿತ್ತು. ಇಡೀ ಓಣಿಯ ಹುಡುಗರು ಹಾಗೆಯೇ ಇದ್ದುದರಿಂದ ಅದೇ ಫ್ಯಾಷನ್ ಎಂದುಕೊಂಡಿದ್ದೆವು. ಅವ್ವನ ಸೀರೆಗಳು ಕೌದಿಯಾಗುತ್ತಿದ್ದವು. ಇನ್ನೂ ಉಳಿದದ್ದು ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸಿನ ಬುಟ್ಟಿಗೆ. ಆಕೆ ಬಂದ ದಿನ ಅವ್ವನ ಮುಖ ನೋಡಬೇಕು. ಒಂದು ಸ್ಟೀಲಿನ ವಾಟಗಕ್ಕಾಗಿ ಇಬ್ಬರೂ ಮಧ್ಯಾಹ್ನವೆಲ್ಲ ಒಬ್ಬರನ್ನೊಬ್ಬರು ಬೈದುಕೊಂಡು, ಕೊನೆಗೆ ಎಲೆ ಅಡಿಕೆ ಹಾಕಿಕೊಂಡು ಎದ್ದುಹೋಗುತ್ತಿದ್ದರು. ಒಮ್ಮೆ ಅಪ್ಪನ ಮದುವೆಯ ಕೋಟನ್ನೇ ಅವ್ವ ಕೊಟ್ಟುಬಿಟ್ಟಿದ್ದಳು. ಸಂಜೆ ಅಪ್ಪ ಕೇಳಿದರೆ, “ಅದು ನಿಮಗ ಬರತಿರಲಿಲ್ಲ, ಈ ವಾಟಗ ಬರತೈತಿ,” ಎಂದಳು. ಅಪ್ಪ ಸಾಯುವವರೆಗೂ ಆ ವಾಟಗದಲ್ಲಿ ನೀರು ಕುಡಿಯಲಿಲ್ಲ.

ಎಲ್ಲಿಂದ ಎಲ್ಲಿಗೋ ಬಂದೆ. ಹೇಳಬೇಕಾದದ್ದನ್ನು ಮುಂದೂಡುವವನು ಹೀಗೆಯೇ ಸುತ್ತುತ್ತಾನೆ.

ನಮ್ಮ ಅಂಗಡಿಗೆ ಬರುವ ಒಳ್ಳೆಯ ಸರಕೆಂದರೆ ಆಯೇರಿ ಸೀರೆಗಳು. ಮದುವೆ, ಬಸುರಿಯ ಕುಬಸ, ಮನೆ ಒಕ್ಕಲು ಎಂದು ಬೀಗರು-ಬಿಜ್ಜರು ಒಬ್ಬರಿಗೊಬ್ಬರು ಉಡಿಸುವ ಈ ಸೀರೆಗಳನ್ನು ಯಾರೂ ಉಡುವುದಿಲ್ಲ. ಒಬ್ಬರು ಕೊಟ್ಟದ್ದನ್ನು ಟ್ರಂಕಿನಲ್ಲಿಟ್ಟು ಇನ್ನೊಬ್ಬರಿಗೆ ಕೊಡುತ್ತಾರೆ. ಅವರು ಮತ್ತೊಬ್ಬರಿಗೆ. ಟ್ರಂಕು ತುಂಬಿದರೆ ನಮ್ಮ ಅಂಗಡಿಗೆ ತಂದುಕೊಡುತ್ತಾರೆ. ಮುಂದಿನ ವಾರ ಅವರದೇ ಓಣಿಯವರು ಬಂದು, ಯಾರೂ ನೋಡಲಿಲ್ಲವಷ್ಟೆ ಎಂದು ಆಚೆ ಈಚೆ ನೋಡಿ, ಅದನ್ನೇ ಆಯೇರಿಗೆ ಒಯ್ಯುತ್ತಾರೆ. ಒಂದು ನೀಲಿ ಸೀರೆಯಂತೂ ನಮ್ಮಲ್ಲಿಗೆ ತಿರುಗಿ ತಿರುಗಿ ಬಂದು ನನ್ನ ಗುರುತು ಹಿಡಿಯುವ ಹಾಗಾಗಿದೆ.

ಬೇಸಿಗೆಯಲ್ಲಿ, ಲಗ್ನದ ದಿನಗಳಲ್ಲಿ, ಅಂಗಡಿಯಲ್ಲಿ ಸೀರೆಯೇ ಉಳಿಯಲಿಲ್ಲ. ರೋಗಿಗಳ ಊಟಕ್ಕೆ ತೊಂದರೆಯಾಗುವ ಹಾಗಿತ್ತು. “ನಾವು ಕೆಲಸ ಮಾಡೂವರನ ಮದಲ ನಮ್ಮ ನಮ್ಮ ಮನಿಯಿಂದ ಏನರ ತರೂಣು,” ಎಂದರು ಅಕ್ಕೋರು. ಮರುದಿನ ಗಂಗವ್ವ ಮಲಪ್ರಭೆಯ ಕಡೆಯ ಯಾವುದೋ ಗುಡಿಗೆ ಓಣಿಯ ಹೆಂಗಸರ ಜೊತೆ ಹೋಗಿದ್ದಳು. ನಾನು ಆಕೆಯ ಟ್ರಂಕು ತೆಗೆದೆ. ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದಲ್ಲ, ಕೇಳಬೇಕೆಂದೇ ಹೊಳೆಯಲಿಲ್ಲ. ಘಡಿ ಮುರಿಯದ, ಅಂದರೆ ಒಮ್ಮೆಯೂ ಉಡದ, ಒಂದಿಷ್ಟು ಸೀರೆಗಳನ್ನು ಎತ್ತಿಕೊಂಡೆ. ಉಡದ ಸೀರೆ ಎಂದಮೇಲೆ ಆಯೇರಿಯದೇ ಎಂದು ನನ್ನ ಗಾದಿಯ ಬುದ್ಧಿ ಹೇಳಿತು. ಅಂಗಡಿಯಲ್ಲಿ ಅಕ್ಕೋರು ಎಲ್ಲರ ಮುಂದೆ, “ಕಾಕಾರನ್ನ ನೋಡಿ ಕಲೀರಿ,” ಎಂದರು. ನಾನು ಕಲಿಸುವವನ ಹಾಗೆ ಮುಖ ಮಾಡಿಕೊಂಡು ನಿಂತೆ.

ಅವತ್ತೇ ಚಿಮ್ಮಡದ ಶಾಂತವ್ವ ಬಂದಳು. ಬಸ್ ನಿಲ್ಲುವಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇದೆ, ಸೆರಗಿಗೆ ಯಾವಾಗಲೂ ಜೋಳದ ಹಿಟ್ಟು. ಎಲ್ಲ ಬಿಚ್ಚಿಸಿದಳು. ಕೊನೆಗೆ ನಾನು ನಮ್ಮ ಮನೆಯ ಹಸಿರು ಸೀರೆ ಹರವಿದೆ.

“ಹಸರ ಮೈ, ಕೆಂಪ ದಡಿ. ಈಗಿನ ಮಗ್ಗದಾಗ ಇಂಥಾ ದಡಿ ಬೀಳಂಗಿಲ್ಲ ನೋಡವ್ವಾ. ಘಡಿ ಮುರದಿಲ್ಲ.”

“ನಮ್ಮ ಅಣ್ಣನ ಮಗಳ ಕುಬಸ ಐತ್ರಿ. ಆದೀತೇನ್ರಿ?”

“ಬಸರಿಗೆ ಹಸರ ಬೇಕು. ಇದಕ್ಕಿಂತಾ ಹಸರ ಬೇಕಾದ್ರ ಹೊಲಕ್ಕ ಹೋಗು.”

“ಅಜ್ಜಾರು ಮಾತಿನ್ಯಾಗ ಉಡಿಸಿ ಕಳಸ್ತಾರ ಬಿಡ್ರಿ!” ಎಂದು ನಕ್ಕು ಒಯ್ದಳು. ರಬಕವಿಯ ಗಾದಿ ಬಿಟ್ಟಮೇಲೆ ಅಷ್ಟು ಚೆನ್ನಾಗಿ ನಾನು ಒಂದು ಸೀರೆ ಮಾರಿರಲಿಲ್ಲ. ರಾತ್ರಿ ಊಟ ರುಚಿಸಿತು.

ನಾಗರ ಪಂಚಮಿಯ ಹಿಂದಿನ ದಿನ ಗಂಗವ್ವ ಟ್ರಂಕು ತೆಗೆದಳು.

“ಏನ್ರಿ, ಇದರಾಗಿನ ಹಸರ ಸೀರಿ ಎಲ್ಲಿ?”

“ಯಾವದು?”

“ಯಾವದು ಅಂದ್ರ? ನಮ್ಮಣ್ಣ ಕೊಟ್ಟದ್ದು.”

“ಅದು ಆಯೇರಿ ಸೀರಿ ಅಲ್ಲನ?”

ಆಕೆ ನೆಲದ ಮೇಲೆ ಕುಳಿತಳು. ನಾನು ಸಮಾಜಸೇವೆಯ ಬಗ್ಗೆ ನಾಲ್ಕು ಮಾತು ಆಡಿದೆ. ಆಕೆ ಕೇಳಿಸಿಕೊಳ್ಳಲಿಲ್ಲ.

ಗಂಗವ್ವನ ತವರು ಮುಧೋಳ. ಇದ್ದವನು ಒಬ್ಬನೇ ಅಣ್ಣ, ಅವನಿಗೆ ಮಕ್ಕಳಿಲ್ಲ. ಅವನು ತೀರಿಕೊಳ್ಳುವ ಮೊದಲಿನ ಪಂಚಮಿಗೆ ಬಂದು ಕೊಟ್ಟುಹೋದ ಸೀರೆ ಅದು. ನಮ್ಮ ಕಡೆ ಮುತ್ತೈದೆ ತೀರಿಕೊಂಡರೆ ತವರಿನವರು ಹಸಿರು ಸೀರೆ ತಂದು ಹೊದಿಸಬೇಕು. ಗಂಡನ ಮನೆಯಲ್ಲಿ ಎಷ್ಟು ಸೀರೆಗಳಿದ್ದರೂ ಆ ಹೊತ್ತಿಗೆ ತವರಿನ ಒಂದು ಸೀರೆ ಬರಲೇಬೇಕು. ತರಲು ಇನ್ನು ಯಾರೂ ಇಲ್ಲವೆಂದು ಗಂಗವ್ವ ಅದನ್ನು ಉಡದೆ ತೆಗೆದಿಟ್ಟಿದ್ದಳು. ಪ್ರತಿ ಪಂಚಮಿಗೆ ಹೊರತೆಗೆದು, ನೆರಳಿನಲ್ಲಿ ಹರವಿ, ಹಳೆಯ ಮಡಿಕೆಯಲ್ಲಿ ಸೀಳಬಾರದೆಂದು ಬೇರೆ ಮಡಿಕೆ ಹಾಕಿ ಒಳಗಿಡುತ್ತಿದ್ದಳಂತೆ. ಜೀವನವೆಲ್ಲ ಸೀರೆ ಮಡಚಿದವನು ನಾನು. ನನ್ನ ಮನೆಯಲ್ಲೇ ಹೀಗೆ ಒಂದು ಸೀರೆ ಮಡಚಿಕೊಳ್ಳುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

“ರಬಕವಿಯೊಳಗ ಹುಡುಕಿ ಅಂಥಾದ ಒಂದು ತಂದ ಕೊಡ್ತೀನಿ,” ಎಂದೆ.

“ನೀವು ತಂದ್ರ ಅದು ಗಂಡನ ಮನಿ ಸೀರಿ ಆಕ್ಕೈತಿ,” ಎಂದಳು. ಟ್ರಂಕು ಮುಚ್ಚುತ್ತ, “ಅದು ಬರೂಮಟ ನನಗ ಸಾಯಾಕ ಬರಂಗಿಲ್ಲ ನೋಡ್ರಿ. ಹೋಗ್ರಿ, ಹುಡುಕ್ಕೊಂಡು ಬರ್ರಿ,” ಎಂದಳು.

ಹಾಗಾದರೆ ಸಿಗದಿದ್ದರೇ ಒಳ್ಳೆಯದು ಎಂಬ ಮಾತು ನನ್ನ ಬಾಯಿಯ ತುದಿಯವರೆಗೆ ಬಂದಿತ್ತು. ಆಕೆಯ ಮುಖ ನೋಡಿ ನುಂಗಿಕೊಂಡೆ. ಅವಳೇ ಮೊದಲು ಹೋಗುವುದು, ನಾನು ಹಿಂದೆ ಉಳಿಯುವುದು ಎಂದು ನನ್ನನ್ನು ಕೇಳದೆಯೇ ನಿಶ್ಚಯವಾಗಿತ್ತಲ್ಲ ಎಂದು ಮಾತ್ರ ಒಳಗೊಳಗೆ ಸಿಟ್ಟು ಬಂತು. ಕೇಳದೆ ಟ್ರಂಕು ತೆಗೆದವನಿಗೆ ಆ ಸಿಟ್ಟಿನ ಅಧಿಕಾರವೂ ಇರಲಿಲ್ಲ.

ಹಬ್ಬ ಮುಗಿದ ಮೇಲೆ ಅಂಗಡಿಗೆ ಹೋಗಿ ಅಕ್ಕೋರಿಗೆ ಹೇಳಿದೆ. “ಮನ್ಯಾಗ ಕೇಳದ ತಂದಿದ್ರೇನ್ರಿ ಕಾಕಾರ?” ಎಂದು ಅವರು ಕೇಳಿದಾಗ, “ಕೇಳೇ ತಂದಿದ್ದೆ, ಆಕಿಗೆ ನೆನಪ ಹಾರೇತಿ,” ಎಂದುಬಿಟ್ಟೆ. ನೋಡಿ, ಸೀರೆಯನ್ನು ತಿಳಿಯದೆ ಕೊಟ್ಟೆ. ಈ ಸುಳ್ಳನ್ನು ತಿಳಿದೇ ಹೇಳಿದೆ. ಇದಕ್ಕೆ ನನಗೆ ಇನ್ನೂ ನಾಚಿಕೆಯಾಗುತ್ತದೆ.

ಚಿಮ್ಮಡಕ್ಕೆ ಆಟೋದಲ್ಲಿ ಹೋದೆ. ಗಿರಣಿಯ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು. “ಧರ್ಮದ ಅಂಗಡಿಯಾಗ ಒಯ್ದ ಹಸರ ಸೀರಿ...” ಎಂದು ನಾನು ಕೂಗುವಷ್ಟರಲ್ಲಿ ಶಾಂತವ್ವ ಓಡಿಬಂದು ನನ್ನನ್ನು ಹೊರಗೆ ಎಳೆದುಕೊಂಡು ಹೋದಳು.

“ಮೆಲ್ಲಕ ಮಾತಾಡ್ರೀ ನಮ್ಮಪ್ಪಾ! ಅಂಗಡಿದು ಅಂತ ಗೊತ್ತಾದ್ರ ನಮ್ಮಣ್ಣನ ಮನ್ಯಾಗ ನನ್ನ ಮಾರಿ ಉಳೀತೈತೇನು?”

ಸೀರೆ ಅನಗವಾಡಿಯಲ್ಲಿ ಅವಳಣ್ಣ ಬೀರಪ್ಪನ ಮನೆಯಲ್ಲಿತ್ತು. ಕುಬಸ ಮಾಡಿಸಿಕೊಂಡ ಮಗಳು ರೇಣವ್ವ ಹೆರಿಗೆಗೆಂದು ಬಂದು ತವರಿನಲ್ಲೇ ಇದ್ದಳು. “ಹೋಗ್ರಿ, ನೋಡ್ರಿ, ಬೇಕಾದ್ದ ಮಾಡ್ರಿ. ಆದ್ರ ನಾ ಎಲ್ಲಿಂದ ತಂದೆ ಅನ್ನೂದು ನಿಮ್ಮ ಬಾಯಿಂದ ಬರಬಾರದು. ಆಣಿ ಮಾಡ್ರಿ.” ಮಾಡಿದೆ. ಹೇಗೆ ಬಂತೆಂದು ಹೇಳದೆ ಒಂದು ಸೀರೆಯನ್ನು ವಾಪಸು ಕೇಳುವುದು ಹೇಗೆ ಎಂದು ಆಣೆ ಮಾಡಿದ ಮೇಲೆ ಯೋಚಿಸಿದೆ.

ಜಮಖಂಡಿಗೆ ಒಂದು ಬಸ್ಸು, ಅಲ್ಲಿಂದ ಬೀಳಗಿಯ ದಾರಿಗೆ ಇನ್ನೊಂದು. ದಾರಿಯುದ್ದಕ್ಕೂ ಒಂದು ಮಾತೂ ಹೊಳೆಯಲಿಲ್ಲ. ಬೀರಪ್ಪ ಬಾಗಿಲಲ್ಲೇ ಸಿಕ್ಕ. ಐವತ್ತರ ಆಸುಪಾಸಿನ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮನುಷ್ಯ.

“ಎಲ್ಲಿಂದ ಬಂದ್ರಿ ಯಜಮಾನ್ರ? ಏನು ಬೇಕಾಗಿತ್ರಿ?”

“ಕುರಿ,” ಎಂದೆ.

ಆ ಶಬ್ದ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಬಿಸಿಲಲ್ಲಿ ನನ್ನನ್ನು ಹೊಳೆಯ ದಂಡೆಯವರೆಗೆ ಕರೆದುಕೊಂಡು ಹೋಗಿ ಒಂದೊಂದು ಕುರಿಯನ್ನೂ ಹಿಡಿದು, ಬಾಯಿ ತೆರೆದು ಹಲ್ಲು ತೋರಿಸಿದ. ಬೀರೇಶ್ವರನ ಹೆಸರಿನಲ್ಲಿ ಬಿಟ್ಟ ಟಗರನ್ನು ಮಾತ್ರ ಕೇಳಬಾರದು ಎಂದ. ನಾನು ಸೀರೆಯ ಸೆರಗು ಮುಟ್ಟುವವನ ಹಾಗೆ ಕುರಿಗಳ ಉಣ್ಣೆ ಮುಟ್ಟಿ ತಲೆಯಾಡಿಸುತ್ತ ಹೋದೆ. ಮೂರು ಸಲ ಹಿಕ್ಕೆಯಲ್ಲಿ ಕಾಲಿಟ್ಟೆ. ಇಷ್ಟೆಲ್ಲ ಆದ ಮೇಲೆ ಚಹಾಕ್ಕೆಂದು ಮನೆಯೊಳಗೆ ಕರೆದ.

ಪಡಸಾಲೆಯ ತೊಲೆಗೆ ಸೀರೆ ಕಟ್ಟಿ ಜೋಳಿಗೆ ಮಾಡಿದ್ದರು. ಹಸಿರು ಮೈ, ಕೆಂಪು ದಡಿ. ಒಗೆದು ಒಗೆದು ಗಂಜಿ ಬಿಟ್ಟು ಮೆತ್ತಗಾಗಿತ್ತು. ಅದರೊಳಗೆ ಕೂಸು ಮಲಗಿತ್ತು. ಒಂದು ಮುಷ್ಟಿ ಮಾತ್ರ ಹೊರಗೆ ಕಾಣುತ್ತಿತ್ತು. ರೇಣವ್ವ ಪಕ್ಕದಲ್ಲಿ ಕುಳಿತು ಹಗ್ಗ ಜಗ್ಗುತ್ತಿದ್ದಳು. ಅಮ್ಮಾ, ನಿನ್ನ ಕೂಸು ಮಲಗಿರುವುದು ನನ್ನ ಹೆಂಡತಿಯ ಕೊನೆಯ ದಿನದ ಸೀರೆಯಲ್ಲಿ ಎಂದು ಯಾವ ಬಾಯಿಂದ ಹೇಳಲಿ? ಬಾಣಂತಿಯ ಮನೆಯಲ್ಲಿ ಅಂಥ ಮಾತು ಆಡಬಹುದೆ? ಚಹಾ ಕುಡಿದು, ಕುರಿಯ ವಿಷಯ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದುಬಿಟ್ಟೆ.

ಗಂಗವ್ವನ ಮುಂದೆ ಏನೂ ಮುಚ್ಚಿಡಲಿಲ್ಲ. ಟ್ರಂಕು ತೆಗೆದದ್ದರಿಂದ ಹಿಡಿದು ಅಕ್ಕೋರಿಗೆ ಹೇಳಿದ ಸುಳ್ಳು, ಕುರಿ, ಜೋಳಿಗೆ, ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಮದುವೆಯಾದ ಮೇಲೆ ಆ ಮಾತನ್ನು ಆಕೆಯ ಮುಂದೆ ಹೇಳಿದ್ದು ಅದೇ ಮೊದಲು. ಆಕೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

“ಹಸಗೂಸು ನೋಡಿ ಬರಿಗೈಲೆ ಬಂದ್ರೇನು?”

“ನಾ ಕುರಿ ನೋಡಾಕ ಹೋಗಿದ್ದೆ.”

“ನಿಮಗ ಏನ್ ಅನ್ನಬೇಕು ನಾ! ಯಾರೂ ಇಲ್ಲದ ಮನೀನ ನಮ್ದು? ಒಂದು ಕುಂಚಿಗಿ ಇಲ್ಲ, ಒಂದು ಖೊಬ್ರಿ ಬಟ್ಟಲಿಲ್ಲ...” ಸೀರೆಗಿಂತ ಹೆಚ್ಚು ಬೈಗುಳ ನನಗೆ ಆ ಖೊಬ್ಬರಿ ಬಟ್ಟಲಿಗೆ ಬಿತ್ತು. ಮರುದಿನವೇ ಕೂಸಿನ ಕುಲಾವಿ, ಕುಂಚಿಗೆ, ಅಂಟಿನುಂಡೆ ಕಟ್ಟಿಕೊಂಡು ನನ್ನನ್ನು ಮುಂದೆ ಮಾಡಿಕೊಂಡು ಹೊರಟಳು. ಸೀರೆಯ ಬಗ್ಗೆ ಏನು ಮಾಡುತ್ತಾಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಳಗೆ ಹೋದವಳೇ ಕೂಸನ್ನು ನೋಡಿದಳು, ಸೀರೆಯನ್ನು ನೋಡಿದಳು, ದಡಿಯ ಮೇಲೆ ಒಮ್ಮೆ ಕೈಯಾಡಿಸಿದಳು. “ಈ ಸೀರಿ ನಂದು ತಮ್ಮಾ,” ಎಂದಳು ಬೀರಪ್ಪನಿಗೆ. “ಇವರು ಗೊತ್ತಾಗಲಾರದ, ತಾವು ಕೆಲಸ ಮಾಡೂ ಧರ್ಮದ ಅಂಗಡಿಗೆ ಕೊಟ್ಟಿದ್ರು. ನಮ್ಮಣ್ಣ ಕೊಟ್ಟಿದ್ದ. ಈಗ ಅಂವ ಇಲ್ಲ.”

ನನ್ನ ಆಣೆ ಒಂದೇ ಮಾತಿಗೆ ನೀರುಪಾಲಾಯಿತು. ಶಾಂತವ್ವನ ಗತಿ ನೆನೆದು ನಾನು ತಲೆ ತಗ್ಗಿಸಿದೆ. ಬೀರಪ್ಪ ನಗತೊಡಗಿದ.

“ನಮ್ಮ ತಂಗಿ ಎಲ್ಲಿಂದ ತಂದಾಳ ಅಂತ ಕುಬಸದ ದಿನಾನ ಗೊತ್ತಾಗೇತ್ರಿ. ಹ್ವಾದ ವರ್ಷ ನಾವು ಆಕಿಗೆ ಉಡಿಸಿದ್ದೂ ನಿಮ್ಮ ಅಂಗಡೀದ. ಆಕಿ ಮುಂದ ಹೇಳಬ್ಯಾಡ್ರಿ ಮತ್ತ.” ಆಮೇಲೆ ಮಗಳತ್ತ ತಿರುಗಿ, “ಕೂಸಿನ್ನ ಎತ್ತವಾ, ಸೀರಿ ಬಿಚ್ಚಿ ಕೊಡೂಣು,” ಎಂದ.

“ಮಲಗಿದ ಕೂಸಿನ್ನ ಎಬ್ಬಸಬ್ಯಾಡ,” ಎಂದು ಗಂಗವ್ವ ತಡೆದಳು. “ಇದು ಕೂಸಿಗೇ ಇರ್ಲಿ.” ದನಿ ತಗ್ಗಿಸಿ ಹೇಳಿದಳು: “ನನಗ ನೀ ಒಂದು ಹಸರ ಸೀರಿ ತಗೊಂಡು ಬಾ ತಮ್ಮಾ. ಈಗಲ್ಲ. ಹೇಳಿ ಕಳಸ್ತಾರ.”

ಬೀರಪ್ಪನ ನಗು ನಿಂತಿತು. ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಆಕೆಯದು. ಅವನಿಗೂ ಅಕ್ಕತಂಗಿಯರಿದ್ದಾರೆ, ತಿಳಿಯಿತು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

“ತರ್ತೀನಿ ಬಿಡಕ್ಕಾ,” ಎಂದ. ಅಲ್ಲಿಯವರೆಗಿನ ‘ರಿ’ ಬಿಟ್ಟುಹೋಗಿತ್ತು. “ಆದ್ರ ಸಂಜಿ ಬಸ್ ಹ್ವಾದಮ್ಯಾಲೆ ಹೇಳಿ ಕಳಸಬ್ಯಾಡ. ನಮ್ಮೂರಿಂದ ಆಮ್ಯಾಲೆ ಗಾಡಿ ಇಲ್ಲ.”

“ನಸಿಕಿನ್ಯಾಗ ಹೋಗ್ತೀನಿ ತಗೋ,” ಎಂದಳು ಗಂಗವ್ವ. “ಮತ್ತ ಇವರ ಅಂಗಡೀದ ತಂದೀಯಪಾ!”

ಬೀರಪ್ಪ ನಕ್ಕ. ಮಾತಿನ ತಲೆಬುಡ ತಿಳಿಯದ ರೇಣವ್ವನೂ ನಕ್ಕಳು. ಗಂಗವ್ವನಂತೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಪಂಚಮಿಯಿಂದ ಈಚೆಗೆ ಆಕೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವರೆಲ್ಲ ಅಷ್ಟು ಹಗುರಾಗಿ ಗೊತ್ತುಮಾಡುತ್ತಿದ್ದದ್ದು ಆಕೆ ನನ್ನನ್ನು ಬಿಟ್ಟು ಹೋಗುವ ದಿನವನ್ನು ಎಂಬುದು ಅಲ್ಲಿ ನನ್ನೊಬ್ಬನಿಗೇ ಹೊಳೆದ ಹಾಗಿತ್ತು. ರೇಣವ್ವ ಕೊಟ್ಟ ಚಹಾ ಕೈಯಲ್ಲಿ ಹಿಡಿದು ಜೋಳಿಗೆಯನ್ನೇ ನೋಡುತ್ತ ಕುಳಿತೆ.

“ಏನ್ ಹಂಗ ಕುಂತೀರಿ?” ಎಂದಳು ಗಂಗವ್ವ. “ಚಹಾ ಆರತೈತಿ, ಕುಡೀರಿ.”

ಕುಡಿದೆ.